ಕೊಡೆಯ ಕಾವಿನಿಂದ ತಿರುಗಿಸಿದ ಪಾದ

ಈಗ ಮೂಳೆ ಮಾತ್ರವಲ್ಲ, ಕೀಲಿನೊಳಗಿನ ಮೆತ್ತನೆಯ ಪೊರೆ, ಸ್ನಾಯುವಿನಲ್ಲಿ ಹರಿದ ಒಂದು ಎಳೆ ಕೂಡ ಕಾಣುವಂಥ ಯಂತ್ರಗಳು ಬಂದಿವೆ. ಪತ್ರಿಕೆಗಳಲ್ಲಿ ಅವುಗಳ ಬಗ್ಗೆ ಬಂದದ್ದನ್ನು ನಾನು ಬಿಡದೆ ಓದುತ್ತೇನೆ. ಓದಿ ಮುಗಿಸಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ ಏಳುತ್ತದೆ: ರೋಗಿಯ ಕಾಲನ್ನು ಅಲ್ಲಿ ಇಟ್ಟವರು ಯಾರು, ಹೇಗೆ ಇಟ್ಟರು? ಅದನ್ನು ಯಾರೂ ಬರೆಯುವುದಿಲ್ಲ.

ಅರವತ್ತರ ದಶಕದಲ್ಲಿ ನಾನು ಒಂದು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕೆಲಸಕ್ಕಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಒಂದರಲ್ಲಿತ್ತು ಅದು; ಈಗ ಇಲ್ಲ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಎರಡು ಕಡೆಯವರು ಸದ್ಯ ನಮ್ಮದಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಸಮಾಧಾನ ಅವರಿಗೂ ಸಲ್ಲುವುದಿಲ್ಲ.

ನನ್ನ ಕೆಲಸ ಇಷ್ಟು: ತೆಗೆದ ಫಿಲ್ಮನ್ನು ಕೆಂಪು ದೀಪದಲ್ಲಿ ಚೌಕಟ್ಟಿಗೆ ಸಿಕ್ಕಿಸಿ, ಡೆವಲಪರ್ ತೊಟ್ಟಿಯಲ್ಲಿ ಅದ್ದಿ, ನೀರಿನಲ್ಲಿ ಜಾಲಿಸಿ, ಚಿತ್ರ ಮಾಸದಂತೆ ನಿಲ್ಲಿಸುವ ಹೈಪೋದಲ್ಲಿ ಮುಳುಗಿಸಿ, ತೊಳೆದು ಒಣಗಲು ತೂಗುಹಾಕುವುದು. ನನ್ನ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಎಷ್ಟು ಒಗೆದರೂ ಅಂಗಿಯಿಂದ ಹುಳಿವಾಸನೆ ಹೋಗುತ್ತಿರಲಿಲ್ಲ. ಆ ಕೈಯನ್ನು ನೋಡಿ ಆಸ್ಪತ್ರೆಯಲ್ಲಿ ಒಬ್ಬರೂ ಹೇಸಿದ್ದಿಲ್ಲ. ನಾನು ಕೊಟ್ಟ ಲೋಟದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದರು.

ಎಕ್ಸ್‌ರೇ ತೆಗೆಯುವವರು ಬೇರೆ ಇದ್ದರು. ನನಗಿಂತ ಹದಿನೈದು ವರ್ಷ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಗ್ಗಿದ ದನಿ. ಅವರು ಯಾರಿಗಾದರೂ ಬೈದದ್ದನ್ನು ನಾನು ಕೇಳಿಲ್ಲ. ಕೆಲಸವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಆದದ್ದು ಗೊತ್ತಿಲ್ಲದೆ ಆದದ್ದಲ್ಲ.

ಆ ವರ್ಷ ಹೊಸದಾಗಿ ಬಂದ ವೈದ್ಯರು ಎಕ್ಸ್‌ರೇ ಕೋಣೆಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದರು. ಸೊಂಟದ ಕೀಲನ್ನು ಹೇಗೆ ತೆಗೆಯಬೇಕು ಎನ್ನುವುದರ ಬಗ್ಗೆ ಆಗಿನ ಹೊಸ ತಿಳಿವಳಿಕೆ ಅದರಲ್ಲಿತ್ತು. ಅಂಗಾತ ಮಲಗಿದವರ ಪಾದ ತಾನಾಗಿ ಹೊರಕ್ಕೆ ವಾಲುತ್ತದೆ. ಹಾಗೆ ವಾಲಿದಾಗ ತೆಗೆದರೆ ತೊಡೆಮೂಳೆಯ ಕುತ್ತಿಗೆ ಗಿಡ್ಡವಾಗಿ, ಪಕ್ಕದ ಗಂಟಿನ ಮರೆಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯಂಥ ಬಿರುಕು ಇದ್ದರೂ ಕಾಣದು. ಪಾದವನ್ನು ಮೆಲ್ಲನೆ ಒಳಕ್ಕೆ ತಿರುಗಿಸಿ ಹಿಡಿದರೆ ಕುತ್ತಿಗೆ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಚಾರ್ಟಿನಲ್ಲಿ ಒಂದು ಪಾದವಿತ್ತು, ಅದನ್ನು ಹಿಡಿದ ಎರಡು ಕೈಗಳಿದ್ದವು. ಸರಿಯಾಗಿ ಹಿಡಿಯದಿದ್ದರೆ ಫಿಲ್ಮಿನಲ್ಲೇ ಅದರ ಗುರುತು ಸಿಗುತ್ತದೆ, ಒಳಬದಿಯ ಸಣ್ಣ ಗಂಟು ದೊಡ್ಡದಾಗಿ ಎದ್ದು ಕಾಣುತ್ತದೆ ಎಂದು ವೈದ್ಯರು ನಮ್ಮಿಬ್ಬರಿಗೂ ತೋರಿಸಿಕೊಟ್ಟಿದ್ದರು.

ಆ ಹೆಂಗಸು ಬಂದದ್ದು ಬೇಸಗೆಯ ಒಂದು ಬೆಳಿಗ್ಗೆ. ವಾರ ನೆನಪಿಲ್ಲ; ಸಂತೆಯ ದಿನವಲ್ಲ ಎನ್ನುವುದು ನೆನಪಿದೆ, ಹೊರಗೆ ಜನ ಕಡಿಮೆ ಇದ್ದರು. ಮೂವತ್ತು ಮೂವತ್ತೆರಡರ ವಯಸ್ಸು. ಊರ ಹೊರಗಿನ ಕೇರಿಯವಳು. ಘಟ್ಟದ ಕಡೆಯ ರಸ್ತೆ ಕೆಲಸಕ್ಕೆ ಜಲ್ಲಿ ಹೊರುತ್ತಿದ್ದಳು. ಬಿದ್ದಿರಲಿಲ್ಲ, ಯಾವುದೂ ಬಡಿದಿರಲಿಲ್ಲ. ಬುಟ್ಟಿ ಹೊತ್ತು ನಡೆಯುವಾಗ ಎಡ ತೊಡೆಸಂದಿನಲ್ಲಿ ನೋವು ಹತ್ತಿ, ಇಪ್ಪತ್ತು ದಿನಗಳಿಂದ ಬಿಟ್ಟಿರಲಿಲ್ಲ. ಮೇಸ್ತ್ರಿ ಇದು ಕಳ್ಳಾಟ ಎಂದಿದ್ದನಂತೆ. ಜೊತೆಗೆ ಅವಳ ಅಕ್ಕ ಬಂದಿದ್ದಳು.

ವೈದ್ಯರು ಇಬ್ಬರಿಗೂ ಬಿಡಿಸಿ ಹೇಳಿದರು. ಮೂಳೆಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿರಬಹುದು ಎಂಬ ಅನುಮಾನ ಅವರಿಗಿತ್ತು. ಬಿರುಕಿದ್ದರೆ ಅವಳು ಇನ್ನು ಕಾಲನ್ನು ನೆಲಕ್ಕೆ ಊರಬಾರದು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಾಗದ ಬರೆದು ಕಳಿಸುತ್ತಾರೆ, ಅಲ್ಲಿ ಮೂಳೆಗೊಂದು ಮೊಳೆ ಹಾಕಿದರೆ ಮೊದಲಿನಂತೆ ನಡೆಯಬಹುದು. ಬಿರುಕಿಲ್ಲದಿದ್ದರೆ ಎಣ್ಣೆ ತಿಕ್ಕಿಕೊಂಡು ಕೆಲಸಕ್ಕೆ ಹೋಗಬಹುದು. ಬಿರುಕಿದ್ದೂ ಭಾರ ಹೊತ್ತರೆ ಮೂಳೆ ಕಳಚಿಕೊಳ್ಳುತ್ತದೆ, ಆಮೇಲೆ ಆ ಕಾಲು ನೆಟ್ಟಗಾಗುವುದಿಲ್ಲ. ಯಾವುದು ಎನ್ನುವುದನ್ನು ಫಿಲ್ಮ್ ನೋಡಿ ಹೇಳುತ್ತೇನೆ ಎಂದರು.

ಅವಳಿಗಿಂತ ಮೊದಲು ಒಬ್ಬ ಜಮೀನುದಾರರ ಮೊಣಕಾಲಿನ ಎಕ್ಸ್‌ರೇ ಇತ್ತು. ನಾನು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಹಿರಿಯರು ಆ ಕಾಲಿನ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು, ಮೊಣಕಾಲಿನ ಕೆಳಗೆ ಮರಳುಚೀಲ ಸೇರಿಸಿ, ನೋವಾಯಿತೇ ಎಂದು ಎರಡು ಸಲ ಕೇಳಿ, ಪಾದ ನೇರವಾಗುವ ತನಕ ಬಿಡಲಿಲ್ಲ. ಫಿಲ್ಮ್ ಬಹಳ ಚೆನ್ನಾಗಿ ಬಂತು.

ಆಮೇಲೆ ಆ ಹೆಂಗಸನ್ನು ಕರೆದರು. ಕರೆಯುವ ಮೊದಲು ಮರಳುಚೀಲಗಳನ್ನು ಎತ್ತಿ ಬೀರುವಿನ ಮೇಲಿಟ್ಟರು. ಮೇಜು ತಗಡಿನದು, ಒರೆಸಬಹುದು. ಚೀಲ ಬಟ್ಟೆಯದು, ತೊಳೆದರೆ ಒಳಗಿನ ಮರಳು ಒದ್ದೆಯಾಗುತ್ತದೆ. ಇದನ್ನು ಅವರು ಹಿಂದೊಮ್ಮೆ ನನಗೆ ವಿವರಿಸಿದ್ದರು. ಗೋಡೆಯ ಮೊಳೆಯಿಂದ ಕೊಡೆಯ ಕಾವು ಇಳಿಸಿದರು. ಬಟ್ಟೆ ಕಡ್ಡಿ ಎಲ್ಲ ಹೋದ ಹಳೆಯ ಕೊಡೆಯೊಂದರ ಬಿದಿರಿನ ಹಿಡಿಕೋಲು ಅದು. ತುದಿಗೆ ಹತ್ತಿ ಸುತ್ತಿದ್ದರು, ಯಾರಿಗೂ ಚುಚ್ಚಬಾರದು ಎಂದು. ಕೇರಿಯವರು ಬಂದುಹೋದ ಮೇಲೆ ಆ ಹತ್ತಿಯನ್ನು ಬದಲಾಯಿಸುತ್ತಿದ್ದರು.

ಅವಳು ಮಲಗಿದಳು. ಪಾದ ಹೊರಕ್ಕೆ ವಾಲಿತು. ಅವರು ಕಾವಿನ ತುದಿಯಿಂದ ಹೆಬ್ಬೆರಳಿನ ಬುಡವನ್ನು ಒತ್ತಿ, “ಇತ್ಲಾಗೆ ತಿರುಗ್ಸು. ಇನ್ನೂ ಸ್ವಲ್ಪ. ಹಾಂ, ಹಂಗೇ ಇಟ್ಕ” ಎಂದರು. ಒತ್ತಿದಷ್ಟು ಹೊತ್ತು ಪಾದ ತಿರುಗಿತು. ಕಾವು ತೆಗೆದು ಅವರು ಸ್ವಿಚ್ಚಿನ ಕಡೆ ಹೋಗುವಷ್ಟರಲ್ಲಿ ನೋವಿಗೆ ನಡುಗಿ ಮತ್ತೆ ವಾಲಿತು. ಹಿಂದಕ್ಕೆ ಬಂದು ಮತ್ತೆ ಒತ್ತಿದರು, ಮತ್ತೆ ವಾಲಿತು. ಹೀಗೆ ಮೂರು ಸಲ. ಆ ಕಾಲು ತಿರುಗುತ್ತಿತ್ತು. ಹಿಡಿಯುವವರು ಬೇಕಿತ್ತು, ಅಷ್ಟೇ.

ಬಾಗಿಲಲ್ಲಿದ್ದ ಅಕ್ಕ ತಾನು ಬಂದು ಹಿಡಿದುಕೊಳ್ಳುತ್ತೇನೆ ಎಂದಳು. ಒಳಗೆ ಬರಬಾರದು, ಕಿರಣ ತಾಗಿದರೆ ಒಳ್ಳೆಯದಲ್ಲ ಎಂದರು ಇವರು. ಹಿಡಿದುಕೊಳ್ಳುವವರಿಗೆ ಕಿರಣ ತಾಗದಿರಲಿ ಎಂದೇ ಇಟ್ಟಿದ್ದ ಸೀಸದ ಏಪ್ರನ್ ಅಕ್ಕನ ತಲೆಯಿಂದ ಒಂದು ಮೊಳ ದೂರದಲ್ಲಿ ತೂಗುತ್ತಿತ್ತು.

ಅಕ್ಕ ಅದನ್ನು ನೋಡಲಿಲ್ಲ, ಕಾವನ್ನು ನೋಡುತ್ತಿದ್ದಳು. “ನಾವು ಎಮ್ಮೆಗೂ ಕೈಯಾಗೇ ಮೈ ತಿಕ್ತೀವಿ” ಎಂದಳು. ಯಾರಿಗೆ ಹೇಳಿದಳು ಎಂದು ಹೇಳಲಾರೆ. ಗೋಡೆಗೆ ಹೇಳಿದ ಹಾಗಿತ್ತು.

ಮಲಗಿದ್ದವಳು ನಕ್ಕಳು. “ಸುಮ್ನಿರೇ ಅಕ್ಕ. ಎಮ್ಮೆ ಹಾಲು ಕೊಡ್ತದೆ.”

ನನ್ನ ಕೈಗಳು ಖಾಲಿ ಇದ್ದವು. ಮೇಜಿಗೂ ನನಗೂ ನಡುವೆ ಆರು ಹೆಜ್ಜೆ. ಮುಟ್ಟಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ನನ್ನಷ್ಟಕ್ಕೆ ಹಾಗೆ ಯೋಚಿಸಲಿಲ್ಲ. ಹೋಗಬೇಕು ಎನ್ನುವುದೇ ಹೊಳೆಯಲಿಲ್ಲ. ನಾನು ಬೆಳೆದ ಮನೆಯಲ್ಲಿ ಅಂಥ ಪಾದವನ್ನು ಯಾರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಇದನ್ನು ನೆಪವಾಗಿ ಬರೆಯುತ್ತಿಲ್ಲ.

ನಾಲ್ಕನೆಯ ಸಲ ಪಾದ ವಾಲಿದಾಗ ಅವರು ಹಾಗೆಯೇ ಬಿಟ್ಟು, ಉಸಿರು ಕಟ್ಟಲು ಹೇಳಿ, ಸ್ವಿಚ್ ಒತ್ತಿದರು.

ತೊಟ್ಟಿಯಿಂದ ಎತ್ತಿದಾಗ ಮೊದಲು ಕಂಡದ್ದೇ ಆ ಒಳಬದಿಯ ಗಂಟು, ಅಡಿಕೆಯಷ್ಟು ದೊಡ್ಡದು. ಮೂಳೆಯ ಕುತ್ತಿಗೆ ಇದ್ದಲ್ಲಿ ಒಂದು ಬಿಳಿ ಮುದ್ದೆ. ಒದ್ದೆ ಫಿಲ್ಮನ್ನು ವೈದ್ಯರಿಗೆ ಕೊಂಡೊಯ್ದೆ. ಅವರ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಕಿಟಕಿಗೆ ಹಿಡಿದು ನೋಡಿದರು, ಒಮ್ಮೆ ಓರೆ ಮಾಡಿ ನೋಡಿದರು. ಬಿರುಕು ಕಾಣಲಿಲ್ಲ.

“ಗಂಟು ದೊಡ್ಡದಾಗಿ ಕಾಣ್ತಿದೆಯಲ್ರೀ. ಪಾದ ಒಳಕ್ಕೆ ಹಿಡಿದಿದ್ರಾ?”

“ಹಿಡಿದಿದ್ರು ಸಾರ್” ಎಂದೆ. “ಅಷ್ಟೇ ತಿರುಗೋದು.”

ಈ ಮಾತನ್ನು ನಾನು ಏಕೆ ಆಡಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಹಿರಿಯರ ಮೇಲೆ ದೂರು ಹೇಳಿದಂತಾಗುತ್ತದೆ ಎಂಬುದೊಂದು. ಹೇಳಿದ್ದರೆ, ನೀವು ಯಾಕೆ ಹಿಡಿಯಲಿಲ್ಲ ಎಂದು ವೈದ್ಯರು ಕೇಳುತ್ತಿದ್ದರು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ನಿಜ. ಅವಳು ನೋವಿಗೆ ಕಾಲನ್ನು ಬಿಗಿ ಹಿಡಿದಿರಬೇಕು ಎಂದು ವೈದ್ಯರು ಅಂದುಕೊಂಡರು. ಮೂಳೆ ಸರಿಯಾಗಿದೆ ಎಂದು ಚೀಟಿಯಲ್ಲಿ ಬರೆದರು. ಆ ಚೀಟಿಯನ್ನು ಅಕ್ಕನ ಕೈಗೆ ಕೊಟ್ಟವನೂ ನಾನೇ. ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಇನ್ನು ಮೇಸ್ತ್ರಿ ಬಾಯಿಗೆ ಬಂದಂತೆ ಅಂತಾನೆ ಎಂದು ತಂಗಿ ಹೇಳುತ್ತಿದ್ದದ್ದು ಕೇಳಿಸಿತು.

ಕೋಣೆಗೆ ಮರಳಿದಾಗ ಹಿರಿಯರು ಮೇಜನ್ನು ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು, ತಲೆಯಿಂದ ಕಾಲಿನ ಕಡೆಗೆ, ಒಂದು ಇಂಚೂ ಬಿಡದೆ. ಹಳೆಯ ಹತ್ತಿ ಬುಟ್ಟಿಯಲ್ಲಿ ಬಿದ್ದಿತ್ತು. ಕೊಳೆ ಅಂಟದ ಬಿಳಿ ಹತ್ತಿ. ಸ್ಪಿರಿಟ್ಟಿನ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ತಾಗಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಹುಣ್ಣಿನ ಕೀವು, ಗ್ಯಾಂಗ್ರಿನ್ ಹಿಡಿದ ಬೆರಳು ಎಲ್ಲವನ್ನೂ ಆ ಆಸ್ಪತ್ರೆಯಲ್ಲಿ ಕಂಡಿದ್ದೇನೆ. ಅವು ಯಾವುವೂ ನನ್ನನ್ನು ಹೀಗೆ ಎಬ್ಬಿಸಿಲ್ಲ.

ಮಳೆ ಹಿಡಿಯುವ ಮೊದಲೇ ಅವಳು ಮತ್ತೆ ಬಂದಳು. ಈ ಸಲ ನಡೆದು ಬರಲಿಲ್ಲ. ಕಂಬಳಿಯ ಜೋಲಿಯಲ್ಲಿ ಇಬ್ಬರು ಹೊತ್ತು ತಂದರು, ಹಿಂದೆ ಅಕ್ಕ. ಜಲ್ಲಿಬುಟ್ಟಿ ಹೊತ್ತು ಏರು ಹತ್ತುವಾಗ ಒಳಗೆ ಏನೋ ಲಟಕ್ಕೆಂದಿತ್ತು. ಅಲ್ಲೇ ಕುಸಿದವಳು ಏಳಲಿಲ್ಲ. ಎಡಗಾಲು ಎರಡು ಬೆರಳು ಗಿಡ್ಡವಾಗಿ, ಪಾದ ಪೂರಾ ಹೊರಕ್ಕೆ ಮಲಗಿತ್ತು. ವೈದ್ಯರು ಬಗ್ಗಿ ಕಾಲನ್ನು ನೋಡಿದರು. ಆಮೇಲೆ, ಕಾಗದದ ಜೊತೆ ಕಳಿಸಲು ಒಂದು ಫಿಲ್ಮ್ ಬೇಕು ಎಂದರು.

ಹಿರಿಯರು ಮರಳುಚೀಲಗಳನ್ನು ಬೀರುವಿನ ಮೇಲಿಟ್ಟು ಕಾವಿಗೆ ಕೈ ಹಾಕಿದರು. ನಾನು ಏಪ್ರನ್ ತೊಟ್ಟು ಮುಂದೆ ಹೋಗಿ, ನಾನು ಹಿಡಿಯುತ್ತೇನೆ ಎಂದೆ.

“ನಿಮ್ಮಿಷ್ಟ” ಎಂದರು, ಅದೇ ತಗ್ಗಿದ ದನಿಯಲ್ಲಿ. “ಆಮೇಲೆ ತೊಟ್ಟಿ ಮುಟ್ಟೋ ಮೊದ್ಲು ಕೈ ತೊಳ್ಕಳಿ.”

ನಾನು ಹಿಮ್ಮಡಿಯ ಕೆಳಗೆ ಅಂಗೈ ಇಟ್ಟೆ. ಅಂಗಾಲು ಒಡೆದು ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ಅವಳು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ.

“ಮುಟ್ಬ್ಯಾಡಿ ಅಯ್ಯಾ. ಆಮೇಲೆ ಮೀಯಾಕೆ ನಿಮ್ಗೆ ಬಿಸ್ನೀರು ಯಾರು ಕಾಯ್ಸಿ ಕೊಡ್ತಾರೆ?”

ಅವಳ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಆದರೂ ಅದು ತಮಾಷೆಯ ಮಾತೇ. ಬಾಗಿಲಲ್ಲಿದ್ದ ಅಕ್ಕ ನಗಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. “ಹೋದ್ಸಲ ಹಿಂಗೆ ಹಿಡಿಯಾಕೆ ಎಂತ ಆಗಿತ್ತು?” ಎಂದು ಕೇಳಿದಳು.

ಚಾರ್ಟಿನಲ್ಲಿದ್ದಂತೆ ಎರಡೂ ಕೈಯಲ್ಲಿ ಪಾದವನ್ನು ಹಿಡಿದು ಮೆಲ್ಲನೆ ಒಳಕ್ಕೆ ತಿರುಗಿಸಲು ನೋಡಿದೆ. ಒಂದಿಷ್ಟೂ ಅಲುಗಲಿಲ್ಲ. ಅವಳು ಹಲ್ಲು ಕಚ್ಚಿದ ಸದ್ದು ಕೇಳಿಸಿತು. ಕೈ ಸಡಿಲಿಸಿದೆ, ಬಿಡಲಿಲ್ಲ.

ವೈದ್ಯರು ಹಿಂದಿನಿಂದ ಒಳಗೆ ಬಂದು, ಪಾದ ಒಳಕ್ಕೆ ಬರುತ್ತದೆಯೇ ಎಂದು ಕೇಳಿದರು.

“ಇಲ್ಲ ಸಾರ್” ಎಂದೆ. “ಅಷ್ಟೇ ತಿರುಗೋದು.”

ಈ ಸಲ ಅದು ನಿಜವಾಗಿತ್ತು.