ಚಿಮಣಿ ಹತ್ತಿ ಅರಳಿ ಇಳಿಸುವ ಗಂಗಾರಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಗಿರಣಿಯ ಚಿಮಣಿಯ ಬುಡದಲ್ಲಿ ನಿಂತು ಗಂಗಾರಾಮ ಅಂಗೈಗಳಿಗೆ ಒಲೆಯ ಬೂದಿ ತಿಕ್ಕಿಕೊಳ್ಳುತ್ತಿದ್ದಾರೆ. ಬೆನ್ನಿಗೆ ಗೋಣಿಚೀಲ. ಚೀಲದಲ್ಲಿ ಉಳಿ, ಸುತ್ತಿಗೆ, ಸಣ್ಣ ಗರಗಸ, ಡಬ್ಬಿಯಲ್ಲಿ ಕಲಸಿದ ಸುಣ್ಣದ ಗಚ್ಚು. ಸೊಂಟದಲ್ಲಿ ಸುತ್ತಿದ ಹಗ್ಗದ ಇನ್ನೊಂದು ತುದಿ ಹೆಂಡತಿ ಬಂಡಮ್ಮನ ಕೈಯಲ್ಲಿದೆ. ಅದು ಸಾಮಾನು ಇಳಿಸುವ ಹಗ್ಗ. ಮನುಷ್ಯ ಜಾರಿದರೆ ತಡೆಯುವಂಥದ್ದಲ್ಲ. ಇಬ್ಬರಿಗೂ ಅದು ಗೊತ್ತು.

"ಅಟ್ಟದ ಮ್ಯಾಲಿನ ಗಡಗಿ ಇಳಸ್ರಿ ಅಂದ್ರ ಮೊಣಕಾಲು ನೋಯ್ತಾವ ಅಂತಾರ್ರಿ. ಇದನ್ನ ಹತ್ತಾಗ ಆ ನೋವು ಎಲ್ಲಿ ಹೋಗ್ತದೋ ಏನೋ," ಎನ್ನುತ್ತಾರೆ ಬಂಡಮ್ಮ. ನಗುವುದಿಲ್ಲ.

ತಾಂಡೂರಿನಿಂದ ಕೊಡಂಗಲ್ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರು "ಗಿರಣಿ, ಗಿರಣಿ" ಎಂದು ಕೂಗಿ ಇಳಿಸುವ ಊರು ಇದು. ಬೋರ್ಡಿನ ಮೇಲೆ ತೆಲುಗಿನಲ್ಲಿ ಬೇರೆ ಹೆಸರಿದೆ, ಅದನ್ನು ಬಳಸುವವರಿಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಸೇಠ್ ಒಬ್ಬರು ಇಲ್ಲಿ ಹತ್ತಿ ಅರೆಯುವ ಗಿರಣಿ ಹಾಕಿದರು. ಬೊಮ್ರಾಸಪೇಟ್, ದೌಲತಾಬಾದ್ ಕಡೆಯ ಹತ್ತಿಯೆಲ್ಲ ಬಂಡಿಯಲ್ಲಿ ಇಲ್ಲಿಗೇ ಬರುತ್ತಿತ್ತು. ಗಿರಣಿ ನಿಂತ ಮೇಲೆ ಬಾಯ್ಲರು ಗುಜರಿಗೆ ಹೋಯಿತು, ಛಾವಣಿಯ ತಗಡಿನ ಪತ್ರಾ ಒಂದೊಂದಾಗಿ ಕಾಣೆಯಾದವು, ಅಂಗಳ ತುಂಬ ಜಾಲಿ ಬೆಳೆಯಿತು. ಎಂಜಿನ್ನಿನ ಬಿಸಿನೀರು ಬಂದು ಬೀಳುತ್ತಿದ್ದ ಹೊಂಡದಲ್ಲಿ ಈಗ ಎಮ್ಮೆ ಮಲಗುತ್ತವೆ. ಉಳಿದದ್ದು ಚಿಮಣಿ, ಮತ್ತು ಅದರ ನೆರಳಿನಲ್ಲಿ ಕೂಲಿಕಾರರಿಗೆಂದು ಕಟ್ಟಿದ ಲೈನ್ ಮನೆಗಳು.

ಆ ಲೈನಿನ ಕೊನೆಯ ಮನೆ ಚಂದ್ರಾಬಾಯಿಯವರದು. ಹೋದ ವಾರದ ಮಳೆಗೆ ಚಿಮಣಿಯ ತುದಿಯಿಂದ ಇಟ್ಟಿಗೆಯೊಂದು ಕಳಚಿ ಅವರ ಅಡುಗೆಮನೆಯ ಪತ್ರಾ ಹರಿದು ಒಳಗೆ ಬಿತ್ತು. ಪಕ್ಕದ ಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ಮಾಯಾ, ಜೊತೆಗೆ ಅವಳ ಹಸುಗೂಸು. ತಿಂಗಳು ತುಂಬದೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ದಾಟಿದರೂ ಲೈನಿನಲ್ಲಿ ಸೋರದ ಕೋಣೆ ಇನ್ನೊಂದಿಲ್ಲ. ಮುಂದಿನ ಮಳೆ ಬರುವುದರೊಳಗೆ ಚಿಮಣಿಯ ತುದಿಯ ಬಿರುಕಿಗೆ ಏನಾದರೂ ಮಾಡಬೇಕು. ಅದಕ್ಕೇ ಗಂಗಾರಾಮ ಹತ್ತುತ್ತಿದ್ದಾರೆ.

ಅವರು ಕಸುಬಿನಿಂದ ಗೌಂಡಿ. ತಾಂಡೂರಿನ ಕಲ್ಲಿನ ಮನೆಗಳಿಗೆ ಗೋಡೆ ಎಬ್ಬಿಸಿ, ನೆಲಕ್ಕೆ ಪರ್ಸಿಕಲ್ಲು ಹಾಸಿ ಬದುಕಿದವರು. ಚಿಮಣಿಯ ಕೆಲಸ ಯಾರೂ ಕೊಟ್ಟದ್ದಲ್ಲ. ಕಾಗೆ, ಗೊರವಂಕಗಳು ಹಣ್ಣು ತಿಂದು ತುದಿಯಲ್ಲಿ ಕೂರುತ್ತವೆ. ಮಳೆಗಾಲದಲ್ಲಿ ಬಿರುಕುಗಳಲ್ಲಿ ಅರಳಿ ಮೊಳೆಯುತ್ತದೆ. ಬೇರು ದಪ್ಪವಾದರೆ ಇಟ್ಟಿಗೆ ಸರಿಯುತ್ತದೆ. ಹೀಗಾಗಿ ಪ್ರತಿ ವರ್ಷ ದಸರೆ ಮುಗಿದ ಮೇಲೆ, ಗೋಡೆಗೆ ಹೂತ ಕಬ್ಬಿಣದ ಮೆಟ್ಟಿಲು ಹಿಡಿದು ಹತ್ತಿ, ಎಳೆಯ ಸಸಿಗಳನ್ನು ಬೇರುಸಹಿತ ಬಿಡಿಸಿ ಇಳಿಸುತ್ತಾರೆ.

ಇಳಿಸಿದ ಮೇಲೆ ಅವುಗಳನ್ನು ಎಲ್ಲಿ ಬಿಡುವುದು? ಅರಳಿಯನ್ನು ಎಸೆಯಲು ಮನಸ್ಸು ಬಾರದು. ಹಾಗಾಗಿ ಊರಿನ ಸುತ್ತ ಎಲ್ಲಿ ನೋಡಿದರೂ ಚಿಮಣಿಯ ಸಂತಾನವೇ: ಕೆರೆಯ ಏರಿಯ ಮೇಲೆ, ಬಸ್ಸು ನಿಲ್ಲುವಲ್ಲಿ, ಹೊಲಗಳ ಮೂಲೆಯಲ್ಲಿ. ಕೆಲವು ಬೊಡ್ಡೆಗಳು ಈಗ ತೋಳಿನ ಹಿಡಿತಕ್ಕೆ ಸಿಗುವುದಿಲ್ಲ. ಎಲ್ಲರಿಗೂ ಇದು ಹಿತವಲ್ಲ.

"ಮಾಮಾ, ಆ ಚೀಲ ತಗೊಂಡು ನಮ್ಮ ಹೊಲದ ಕಡಿ ಬರಬ್ಯಾಡ್ರಿ ಮತ್ತ," ಎಂದು ದಾರಿಯಲ್ಲೇ ಬೈಕು ನಿಲ್ಲಿಸಿ ಕೂಗುತ್ತಾರೆ ರೈತ ಅಮರನಾಥ. "ಮೂಲ್ಯಾಗ ಹಚ್ಚೀರಲ್ಲ, ಅದರ ನೆರಳಿಗಿ ತೊಗರಿ ಏಳವಲ್ದು!"

"ಅದರ ಬುಡಕ ಕೂತು ಬುತ್ತಿ ಉಣ್ಣಾಗ ಬೈಯಂಗಿಲ್ಲಲ್ಲೋ ತಮ್ಮಾ," ಎನ್ನುತ್ತಾರೆ ಗಂಗಾರಾಮ.

ಹೋದ ವರ್ಷ ಮಾತ್ರ ಅವರು ಹತ್ತಲಿಲ್ಲ. ಕೀಲು ಹಿಡಿಯುವ ಜ್ವರ ಬಂದು ಚಳಿಗಾಲವೆಲ್ಲ ಮಲಗಿದ್ದರು. ತುದಿಯ ಬಿರುಕಿನಲ್ಲಿ ಉಳಿದುಹೋದ ಸಸಿ, ಎರಡು ಮಳೆಗಾಲದ ನೀರು ಕುಡಿದು, ಮಣಿಕಟ್ಟಿನಷ್ಟು ದಪ್ಪವಾಗಿದೆ. ಈಗ ಎಳೆದರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕಡಿಯಬೇಕು. ಇಷ್ಟು ವರ್ಷ ಅವರು ಅರಳಿಗೆ ಕಬ್ಬಿಣ ತಾಗಿಸಿದವರಲ್ಲ.

ಮಾತು ಊರಿನ ಕಟ್ಟೆಗೆ ಬಂತು. ಗಿರಣಿಯಲ್ಲಿ ಹತ್ತಿ ತೂಗುತ್ತಿದ್ದ ವೈಜಿನಾಥ ಈಗ ಊರಿಗೆ ಹಿರಿಯರು. ಮಿಂದು ಅರಳಿಗೆ ನೀರೆರೆಯದೆ ಅವರು ಚಹಾ ಕುಡಿಯುವುದಿಲ್ಲ. "ಬ್ಯಾಡ ಗಂಗಾರಾಮ. ಸಿಮೆಂಟ್ ಬಡದು ಬಿಡು. ಗಿಡ ಕಡದ ಪಾಪ ಮನಿತನಕ್ಕ ಹತ್ತತದ," ಎಂದರು.

ಚಂದ್ರಾಬಾಯಿ ಅಲ್ಲೇ ಇದ್ದರು. "ಸಾವ್ಕಾರ್ರ, ನಿಮ್ಮ ಮನಿ ಆ ಕಡಿ ಓಣ್ಯಾಗ ಅದ. ಒಂದು ರಾತ್ರಿ ನಮ್ಮ ಕೂಸಿನ ಬಾಜೂಕ ಮಲಕ್ಕೊಂಡು ನೋಡ್ರಿ, ಆಮ್ಯಾಲ ಪಾಪ-ಪುಣ್ಯ ಹೇಳ್ರಿ." ಆಮೇಲೆ ಗಂಗಾರಾಮರ ಕಡೆ ತಿರುಗಿ, "ಕಡೀರಿ ಅಣ್ಣಾ. ಪಾಪ ಬಂದ್ರ ನಂಗೇ ಬರ್ಲಿ."

ಈಗ ಗಂಗಾರಾಮ ತುದಿಯ ಹತ್ತಿರ ಒಂದು ಕಾಲು ಮಡಚಿ, ಪಂಚೆಯಿಂದ ತಮ್ಮನ್ನು ಮೆಟ್ಟಿಲಿಗೆ ಬಿಗಿದುಕೊಂಡಿದ್ದಾರೆ. ಬಂಡಮ್ಮ ಹಗ್ಗ ಹಿಡಿದು ತಲೆಯೆತ್ತಿ ನಿಂತಿದ್ದಾರೆ. ಲೈನಿನ ಹೆಂಗಸರು ಮಕ್ಕಳನ್ನು ದೂರ ಸರಿಸಿದ್ದಾರೆ. ಮೇಲೆ ಗಂಗಾರಾಮ ಕೈಮುಗಿಯುವುದು ಕಾಣುತ್ತದೆ, ಆಮೇಲೆ ಗರಗಸದ ಸದ್ದು. ಬೇರಿನ ಹಾಲು ಇಟ್ಟಿಗೆಯ ಮೇಲೆ ಬಿಳಿಯ ಗೆರೆಯಾಗಿ ಇಳಿಯುತ್ತದೆ. ಒಮ್ಮೆ ಅವರ ಕಾಲು ಜಾರುತ್ತದೆ, ಮತ್ತೆ ಮೆಟ್ಟಿಲು ಸಿಗುತ್ತದೆ.

ಮೇಲಿನ ಮೆಟ್ಟಿಲಿಗೆ ಹಾಯಿಸಿದ ಹಗ್ಗವನ್ನು ಬಂಡಮ್ಮ ಇಷ್ಟಿಷ್ಟೇ ಸಡಿಲ ಬಿಡುತ್ತಾರೆ. ಗಿಡ ಎಲೆಗಳ ಸಮೇತ ತೂಗುತ್ತ ಇಳಿಯುತ್ತದೆ. ಹಿಂದೆಯೇ ಸಡಿಲವಾದ ಇಟ್ಟಿಗೆಗಳ ಚೀಲ. ಕಟ್ಟೆಯಿಂದ ಎದ್ದು ಬಂದ ವೈಜಿನಾಥ ಗಿಡವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

"ಎಲ್ಲಿಗ್ರಿ?" ಎನ್ನುತ್ತಾರೆ ಚಂದ್ರಾಬಾಯಿ.

"ಕೆರಿ ಕಡಿ. ಟೊಂಗಿ ನೆಟ್ಟರೂ ಹತ್ತತದ ಇದು. ಹತ್ತದಿದ್ರ ನನ್ನ ನಸೀಬ."

ಗಂಗಾರಾಮ ಇಳಿದಾಗ ಬಿಸಿಲೇರಿದೆ. ಬಿರುಕಿಗೆ ಗಚ್ಚು ತುಂಬಿದ್ದಾರೆ. ಈ ಮಳೆಗೆ ತಡೆಯುತ್ತದೆ. ಕೂತು ನೀರು ಕುಡಿದು, ಬೆರಳಿಗೆ ಮೆತ್ತಿದ ಗಚ್ಚನ್ನು ಕೆರೆದು ತೆಗೆಯುತ್ತಾರೆ. ಚಿಮಣಿಯ ಮೇಲೆ ಇಷ್ಟು ಪ್ರೀತಿ ಯಾಕೆ ಎಂದರೆ ಅವರಿಗೆ ಸಿಟ್ಟೇ ಬರುತ್ತದೆ.

"ಪ್ರೀತಿ? ನಮ್ಮಪ್ಪ ಇದರ ಬಾಯ್ಲರಿಗಿ ಕಟಗಿ ಹಾಕವ ಇದ್ದ. ಹೊಗಿ ಕುಡದು ಕುಡದು, ಸಾಯೂತನಕ ಕೆಮ್ಮಿದ. ಇದರ ಮ್ಯಾಲ ಏನ್ ಪ್ರೀತಿರಿ? ಕೆಳಗ ಮಂದಿ ಅದ, ಅದಕ ಹತ್ತತೀನಿ."

ಒಳಗಿನ ಬೇರು ಸತ್ತಿಲ್ಲ, ಮತ್ತೆ ಚಿಗುರುತ್ತದೆ ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಪಂಚಾಯಿತಿಯಲ್ಲಿ ಜೆಸಿಬಿ ತರಿಸುವ ಮಾತು ಎದ್ದಿದೆ. ಅದೇ ಅವರ ಭಯ. "ಜೆಸಿಬಿ ಬುಡಕ್ಕ ಬಡಿತದ್ರಿ. ಬಿದ್ರ ಲೈನಿನ ಮ್ಯಾಲೇ ಬೀಳ್ತದ. ಇದನ್ನ ಮ್ಯಾಲಿಂದ ಬಿಚ್ಚಬೇಕು, ಒಂದೊಂದೇ ಇಟ್ಟಂಗಿ. ಇಬ್ಬರು ಗೌಂಡ್ಯಾರು ಕೂಡ ಬಂದ್ರ ಸಾಕು. ನನ್ನ ಕೈಯಾಗ ಇನ್ನೂ ಜರಾ ಶಕ್ತಿ ಅದ, ಈಗೇ ಶುರು ಮಾಡ್ಲಿ ಅಂತೀನಿ."

ಚೀಲದಿಂದ ಒಂದು ಇಟ್ಟಿಗೆ ತೆಗೆದು ಉಗುರಿನಿಂದ ತಟ್ಟುತ್ತಾರೆ. ಟಣ್ ಎನ್ನುತ್ತದೆ.

"ಕೇಳ್ರಿ, ಎಷ್ಟು ಗಟ್ಟಿ ಅದ. ಎಲ್ಲಾ ಇಳಿಸಿದ್ರ ಲೈನಿನ ಮನಿಗೊಂದು ಪಕ್ಕಾ ಅಡಗಿಮನಿ ಆಗ್ತದ. ಮೊದಲ ಚಂದ್ರಾಬಾಯಿದು ಕಟ್ಟತೀನಿ."