ಬಾಬು ಜಾನ್‌ಗೆ ಬೇಕಿದ್ದ ರುಜು

ಬಾಬು ಜಾನ್ ಮೊದಲ ಸಲ ತಂದ ಅರ್ಜಿಯನ್ನು ನಾನು ಹಾಗೆಯೇ ವಾಪಸು ಕೊಟ್ಟೆ. ಅದರ ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟಿನ ಗುರುತಿತ್ತು.

"ಇದು ವಿಶ್ವವಿದ್ಯಾನಿಲಯ ಕಣಯ್ಯ, ಪಂಕ್ಚರ್ ಅಂಗಡಿ ಅಲ್ಲ" ಎಂದೆ.

"ಪಂಕ್ಚರ್ ಅಂಗಡಿ ಮದ್ದೂರಲ್ಲೈತೆ ಸಾರ್, ನಂದೇ. ಇನ್ನೊಂದ್ ಫಾರಂ ಕೊಡಿ, ಕೈ ತೊಳ್ಕಂಡ್ ಬತ್ತೀನಿ" ಎಂದು ನಕ್ಕ. ನನಗೆ ಇನ್ನಷ್ಟು ಸಿಟ್ಟು ಬಂತು.

ಅದು 1974ರ ಜೂನ್. ಅದರ ಹಿಂದಿನ ವರ್ಷವಷ್ಟೇ ವಿಶ್ವವಿದ್ಯಾನಿಲಯದವರು ಮಂಡ್ಯದಲ್ಲಿ ಎರಡು ಕೋಣೆ ಹಿಡಿದು ಸೃಜನಶೀಲ ಬರವಣಿಗೆ ವಿಭಾಗ ತೆರೆದಿದ್ದರು. ಭಾನುವಾರ ಮಾತ್ರ ತರಗತಿ, ವರ್ಷ ಮುಗಿದರೆ ಡಿಪ್ಲೊಮಾ. ಪಾರ್ಥಸಾರಥಿ ಎಂಬ ನಾನು ಅಲ್ಲಿನ ಒಬ್ಬನೇ ಗುಮಾಸ್ತ. ಬೀರುವಿನ ಬೀಗದಕೈ, ರಬ್ಬರ್ ಸ್ಟಾಂಪು, ಮೂಗಿನ ತುದಿಯ ಕೋಪ ಎಲ್ಲ ನನ್ನ ಸುಪರ್ದಿನಲ್ಲೇ ಇದ್ದವು. ಬಾಬು ಜಾನ್ ಓದಿದ್ದು ಏಳನೇ ತರಗತಿ. ಓದು ಬರಹ ಬಂದವರನ್ನೆಲ್ಲ ಸೇರಿಸಿಕೊಳ್ಳಿ ಎಂದು ನಮ್ಮ ಮುಖ್ಯಸ್ಥರು ತಿರುನಾರಾಯಣ ಮೇಷ್ಟರು ನಿಯಮ ಮಾಡಿಬಿಟ್ಟಿದ್ದರಿಂದ ಹಲ್ಲು ಕಚ್ಚಿಕೊಂಡು ಸ್ಟಾಂಪು ಒತ್ತಿದೆ.

ಮೇಷ್ಟರದು ಇನ್ನೊಂದು ನಿಯಮವೂ ಇತ್ತು. ವರ್ಷದ ಕೊನೆಗೆ ಒಪ್ಪಿಸುವ ಕಥೆ ನಿಜವಾದ ಒಬ್ಬ ಮನುಷ್ಯನ ಮೇಲಿರಬೇಕು. ಅದನ್ನು ಆ ಮನುಷ್ಯನಿಗೇ ಓದಿ ಹೇಳಿ, ಕೆಳಗೆ ಅವನ ರುಜು ಹಾಕಿಸಬೇಕು. ಬೆನ್ನ ಹಿಂದೆ ಆಡುವುದು ಚಾಡಿ, ಎದುರು ಕೂತು ಓದುವುದು ಕಥೆ ಎನ್ನುತ್ತಿದ್ದರು ಮೇಷ್ಟರು. ರುಜು ನನ್ನ ಕಣ್ಣೆದುರಿಗೇ ಆಗಬೇಕು ಎಂಬುದನ್ನು ಸೇರಿಸಿದವನು ನಾನು. ಯಾರನ್ನು ನಂಬುವುದು ಹೇಳಿ.

ಬಾಬು ಜಾನ್ ಪ್ರತಿ ಭಾನುವಾರ ಮದ್ದೂರಿನಿಂದ ಸೈಕಲ್ಲಿನಲ್ಲೇ ಬರುತ್ತಿದ್ದ. ವಾರಕ್ಕೊಂದು ಸೈಕಲ್ಲು. ಮೂವತ್ತೈದರ ಗಟ್ಟಿ ಆಳು, ಬೆವರೊರೆಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಟ್ಯೂಬಿನ ಡಬ್ಬಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದನ್ನು ಓದಿದನೆಂದರೆ ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವನ ಹೆಂಡತಿ ಶರೀಫುನ್ನೀಸಾ ಡಿಪ್ಲೊಮಾಕ್ಕೆಂದು ಅಂಗಡಿಯ ಗೋಡೆಗೆ ಆಗಲೇ ಮೊಳೆ ಹೊಡೆಸಿದ್ದಳಂತೆ. ನಾನೂ ಮದ್ದೂರಿನವನೇ. ಅವನ ಸಹವಾಸ ಬೇಡವೆಂದುಕೊಂಡರೂ ಅವನಷ್ಟು ಚೆನ್ನಾಗಿ ರಿಪೇರಿ ಮಾಡುವವರಿಲ್ಲದೆ ನನ್ನ ಸೈಕಲ್ಲನ್ನೂ ಅಲ್ಲಿಗೇ ಬಿಡತೊಡಗಿದ್ದೆ.

ಏಪ್ರಿಲ್ ಬಂತು. ಕಥೆ ಒಪ್ಪಿಸಲು ಸೋಮವಾರ ಸಂಜೆ ಐದು ಗಂಟೆ ಕೊನೆ. ಹಿಂದಿನ ಶನಿವಾರ ಬಾಬು ಜಾನ್ ಕೊಪ್ಪದ ಕೆಂಪಯ್ಯನನ್ನು ಕರೆದುಕೊಂಡು ಬಂದ. ಕೆಂಪಯ್ಯ ಅವನ ಹಳೆಯ ಗಿರಾಕಿ, ಕಬ್ಬಿನ ರೈತ. ಕಥೆ ಅವನದೇ. ಜಿಪುಣತನಕ್ಕೆ ಒಂದೇ ಟೈರಿಗೆ ಹನ್ನೊಂದು ತೇಪೆ ಹಾಕಿಸಿದ್ದನ್ನು ಓದಿದಾಗ ಕೆಂಪಯ್ಯ ಮೀಸೆ ತೀಡಿಕೊಂಡು, "ಹನ್ನೊಂದಲ್ಲ ಕಣ್ಲಾ, ಹದಿಮೂರು" ಎಂದು ತಿದ್ದಿದ. ರುಜು ಬಿದ್ದ ಹಾಗೆಯೇ ಎಂದು ನಾನು ಪೆನ್ನು ಮುಂದಿಟ್ಟೆ. ಅಷ್ಟರಲ್ಲಿ ಕೊನೆಯ ಪುಟ ಬಂತು. ಆ ತೇಪೆ ಟೈರಿನ ಸೈಕಲ್ಲನ್ನು ಟ್ರಯಲ್ ನೋಡಲೆಂದು ಅಂಗಡಿಯವನು ಮಂಡ್ಯದವರೆಗೂ ತುಳಿದದ್ದು ಅದರಲ್ಲಿತ್ತು. ಒಂದು ಸಲವಲ್ಲ, ನಾಲ್ಕು ಸಲ.

ಕೆಂಪಯ್ಯ ಎದ್ದು ನಿಂತ. "ಏನ್ಲಾ, ಸಾಮಾನ್ ಬಂದಿಲ್ಲ, ಸಾಮಾನ್ ಬಂದಿಲ್ಲ ಅಂತ ವಾರಗಟ್ಲೆ ನನ್ನ ನಡಸ್ಬುಟ್ಟು, ನನ್ ಸೈಕಲ್ಲಲ್ಲಿ ಇಸ್ಕೂಲ್ಗೆ ಬತ್ತಿದ್ದಾ? ರುಜುನೂ ಇಲ್ಲ ಗಿಜುನೂ ಇಲ್ಲ, ಓಗ್ಲಾ!"

"ಆ ಪುಟ ಬಿಟ್ಟು ಓದಬಾರದಿತ್ತೇನಯ್ಯ?" ಎಂದು ಆಮೇಲೆ ಕೇಳಿದೆ.

"ಕತೇನೇ ಅದು ಸಾರ್, ಎಂಗ್ ಬುಡ್ಲಿ?" ಎಂದ. ಅವನು ನಗದೇ ಇದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ವರ್ಷವೆಲ್ಲ ಬಂದದ್ದು ಒಂದು ರುಜುವಿಲ್ಲದೆ ನೀರುಪಾಲಾಗುವುದರಲ್ಲಿತ್ತು.

ಸೋಮವಾರ ನಾಲ್ಕೂವರೆಗೆ ಹೊಸ ಕಥೆ ಹಿಡಿದು ಬಂದ. ಎಂಟು ಹಾಳೆ.

"ರುಜು?"

"ನೀವೇ ಆಕ್ಬೇಕು ಸಾರ್. ಓದ್ಲಾ?"

ನನಗೆ ಮೈ ಉರಿಯಿತು. ಆದರೂ ಓದು ಎಂದೆ, ನಿಯಮ ನಿಯಮವೇ. ಕಥೆಯಲ್ಲೊಬ್ಬ ಸಿಡುಕು ಗುಮಾಸ್ತ. ಭಾನುವಾರ ರಜೆಯಿದ್ದರೂ ಬಂದು, ತರಗತಿಯ ಬಾಗಿಲ ಹೊರಗೆ ಫೈಲು ಬಿಡಿಸಿ ನಿಲ್ಲುತ್ತಾನೆ. ಪ್ರತಿ ವಾರವೂ ಅದೇ ಫೈಲು, ತಲೆಕೆಳಗೆ. ಒಳಗೆ ಯಾರಾದರೂ ಚೆನ್ನಾಗಿ ಓದಿದರೆ ಅವನ ತುಟಿಯೂ ಆಡುತ್ತದೆ. ಒಂದು ದಿನ ಅವನು ರಿಪೇರಿಗೆ ಬಿಟ್ಟ ಸೈಕಲ್ಲಿನ ಚೀಲದಲ್ಲಿ ದಪ್ಪನೆಯ ನೋಟ್‌ಬುಕ್ಕು ಕೈಗೆ ತಗಲುತ್ತದೆ. ಅಂಗಡಿಯವನು ಅದನ್ನು ತೆರೆಯುವುದಿಲ್ಲ. ಕೈಗೆ ಗ್ರೀಸು, ಪುಟಕ್ಕೆ ಮೆತ್ತಿಕೊಂಡೀತು ಎಂದು ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು.

ಇಪ್ಪತ್ತು ವರ್ಷದಿಂದ ಆ ನೋಟ್‌ಬುಕ್ಕಿನಲ್ಲಿ ಪದ್ಯ ಬರೆಯುತ್ತಿದ್ದೆ. ನನ್ನ ಮನೆಯವಳಿಗೂ ತೋರಿಸಿರಲಿಲ್ಲ. ಈಗ ರುಜು ಹಾಕಿದರೆ ಮೇಷ್ಟರು ಓದುತ್ತಾರೆ, ಪರೀಕ್ಷಕರು ಓದುತ್ತಾರೆ, ನಾಳೆ ಊರೇ ಓದಬಹುದು. ಹಾಕದಿದ್ದರೆ ಇವನ ಒಂದು ವರ್ಷ ಹೋಗುತ್ತದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎರಡನ್ನೂ ಮುಚ್ಚಿಡಲು ಗದರಿದೆ:

"ಫೈಲು ತಲೆಕೆಳಗಾಗಿರಲಿಲ್ಲ."

"ಇತ್ತು ಸಾರ್."

ಐದಕ್ಕೆ ಐದು ನಿಮಿಷವಿದ್ದಾಗ ರುಜು ಹಾಕಿದೆ.

ಬಾಬು ಜಾನ್ ಮೊದಲನೆಯವನಾಗಿ ಪಾಸಾದ. ಆ ಕಥೆ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಸಂಚಿಕೆ ನೋಡಲು ಬಂದ ಕೆಂಪಯ್ಯ, "ನಂದ್ಯಾಕಿಲ್ಲ? ಸೈಕಲ್ ಇಚಾರ ಇದ್ರೆ ಇರ್ಲಿ ಬುಡಿ, ಆಕ್ಕಳಿ" ಎಂದು ಜಗಳ ತೆಗೆದು, ಕೊನೆಗೂ ರುಜು ಮಾಡಿಯೇ ಹೋದ. ಮರುವರ್ಷದ ಸಂಚಿಕೆಯಲ್ಲಿ ಅದೂ ಬಂತು, ಹದಿಮೂರು ತೇಪೆಯೊಂದಿಗೆ. ಮದ್ದೂರಿನ ಅಂಗಡಿಯ ಗೋಡೆಯಲ್ಲಿ ಡಿಪ್ಲೊಮಾ ಈಗಲೂ ಇದೆ. ಹಳೆಯ ಚೈನುಗಳನ್ನು ತೂಗುಹಾಕಲು ಶರೀಫುನ್ನೀಸಾ ಬೇರೆ ಮೊಳೆ ಹೊಡೆಸಿದ್ದಾಳೆ.

ಈ ವರ್ಷ ನಾನೂ ಅರ್ಜಿ ಹಾಕಿ, ಬಾಗಿಲು ದಾಟಿ ಹಿಂದಿನ ಬೆಂಚಿನಲ್ಲಿ ಕೂತೆ. ನೀವು ಓದುತ್ತಿರುವುದು ನನ್ನ ವರ್ಷದ ಕಥೆ. ಮೊನ್ನೆ ಮದ್ದೂರಿಗೆ ಒಯ್ದು, ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲೊಂದರ ಪಕ್ಕ ಕೂತು ಇಲ್ಲಿಯವರೆಗೂ ಓದಿ ಹೇಳಿದೆ. ಬಾಬು ಜಾನ್ ಸ್ಪಾನರ್ ಕೆಳಗಿಟ್ಟು ಕೇಳಿದ.

"ಒಂದ್ ಬುಟ್ಬುಟ್ಟಿದೀರಿ ಸಾರ್. ನಿಮ್ ಸೈಕಲ್ಲೂ ಎರಡ್ ಸಲ ಮಂಡ್ಯ ನೋಡ್ಕಂಡ್ ಬಂದದೆ."

ನನ್ನ ಹಳೆಯ ಕೋಪ ನೆತ್ತಿಗೇರಿತು, ಆಮೇಲೆ ನಗು ತಡೆಯಲಾಗಲಿಲ್ಲ. ಅವನು ಕೈ ತೊಳೆಯಲು ಎದ್ದ. ಬೇಡ, ಹಾಗೇ ಹಾಕು ಎಂದು ಕೂರಿಸಿದೆ. ರುಜುವಿನ ಪಕ್ಕದಲ್ಲಿ ಗ್ರೀಸಿನ ಹೆಬ್ಬೆಟ್ಟು ಬಿದ್ದಿದೆ.