ಪೊರಕೆ ಕಡ್ಡಿಗೆ ಚುಚ್ಚಿದ ತೋಟಗಳು

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಎಡ ಮೀಸೆ ಬಲ ಮೀಸೆಗಿಂತ ಗಿಡ್ಡ. ಯೋಚನೆಗೆ ಬಿದ್ದಾಗಲೆಲ್ಲ ಆ ತುದಿಯನ್ನೇ ಕಡಿಯುತ್ತಿದ್ದರು.

ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ತಿಪಟೂರಿನ ಸುತ್ತಲಿನ ತೆಂಗಿನ ತೋಟಗಳಿಗೆಂದು ಒಂದು ಪ್ರೋಗ್ರಾಮ್ ಬರೆದಿದ್ದರು. ಬೋರ್‌ವೆಲ್ಲಿನಲ್ಲಿ ನೀರಿಲ್ಲದೆ ಮೋಟರ್ ಓಡಿದರೆ ಸುಟ್ಟುಹೋಗುತ್ತದಲ್ಲ, ಅಷ್ಟರೊಳಗೆ ತೋಟದವರಿಗೆ ಫೋನು ಹೋಗಬೇಕು. ಪ್ರೋಗ್ರಾಮ್ ಎಲ್ಲರಿಗೂ ಒಂದೇ. ನೀರು ಮೇಲೆ ಬರಲು ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಫೋನು ಮಾಡಬೇಕು ಎಂಬುದು ಮಾತ್ರ ತೋಟಕ್ಕೊಂದು ಫೈಲಿನಲ್ಲಿ. ಅದರ ನಕಲನ್ನು ಚೀಟಿಯಲ್ಲಿ ಬರೆದು ಪೊರಕೆ ಕಡ್ಡಿಗೆ ಚುಚ್ಚಿಡುತ್ತಿದ್ದರು.

"ಸಾರಿಗೆ ಉಪ್ಪು ಕಮ್ಮಿ ಇರ್ಲಿ ಕಣಮ್ಮ. ಬೇಕಾದೋರು ಎಲೆ ತುದೀಲಿರೋದು ಕಲಸ್ಕೋತಾರೆ," ಎನ್ನುತ್ತಿದ್ದರು. ಸಾರೆಂದರೆ ಪ್ರೋಗ್ರಾಮ್, ಎಲೆ ತುದಿಯ ಉಪ್ಪೆಂದರೆ ತೋಟದ ಫೈಲು ಎಂದು ತಿಳಿಯದೆ, ನನ್ನ ಸಾರನ್ನೇ ಆಡಿಕೊಳ್ಳುತ್ತಿದ್ದಾರೆಂದು ಎಷ್ಟೋ ದಿನ ಬೇಜಾರು ಮಾಡಿಕೊಂಡಿದ್ದೆ.

ಕಾನ್ವೆಂಟಿನಲ್ಲಿ ಓದಿದವಳು, ಬಿಡಿಸಿ ಮಾತಾಡುತ್ತೇನೆಂದು ತೋಟದವರಿಗೆ ಹೋಗುವ ಫೋನಿಗೆ ನನ್ನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ್ದರು. ಅಭ್ಯಾಸಬಲದಿಂದ "ದಯವಿಟ್ಟು" ಸೇರಿಸಿಬಿಟ್ಟೆ. "ಇರ್ಲಿ ಬುಡಮ್ಮ, ತೋಟದೋರಿಗೆ ಇನ್ಯಾರು ಹಂಗಂತಾರೆ?" ಎಂದರು.

ಮೇಷ್ಟ್ರು ತೋಟಗಳಿಗೆ ಹೊಸ ಪ್ರೋಗ್ರಾಮ್ ಕಳಿಸಿದ ಮಾರನೆಯ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಫೋನು ಬಂತು. "ನಮಸ್ಕಾರ. ಹಂದನಕೆರೆ ತೋಟದಲ್ಲಿ ನೀರು ಬರುತ್ತಿಲ್ಲ. ದಯವಿಟ್ಟು ಮೋಟರ್ ನಿಲ್ಲಿಸಿ." ನನ್ನದೇ ದನಿ, ನನಗೇ!

ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದೆ. ಮೇಷ್ಟ್ರ ಒಂದು ಕೆನ್ನೆಯಲ್ಲಿನ್ನೂ ಸೋಪಿನ ನೊರೆ.

"ಅಯ್ಯೋ, ಪರೀಕ್ಷೆಗೆ ಅಂತ ನಿಮ್ ನಂಬರ್ ಹಾಕಿದ್ದೆ. ಉಪ್ಪು ಸಾರಿಗೇ ಬಿದ್ದೋಗೈತೆ ಕಣಮ್ಮ!" ಪ್ರೋಗ್ರಾಮಿನಲ್ಲಿದ್ದ ನನ್ನ ನಂಬರು ತೆಗೆಯದೆ, ತೋಟಗಳ ಫೈಲನ್ನೂ ಸೇರಿಸದೆ ಕಳಿಸಿಬಿಟ್ಟಿದ್ದರು. ಕಡ್ಡಿಯಿಂದ ಹಂದನಕೆರೆಯ ಚೀಟಿ ಕಿತ್ತು ಫೋನು ಮಾಡಿದರು.

"ಲೇ, ಮೋಟರ್ ಆಫ್ ಮಾಡ್ಲಾ!"

ಎತ್ತಿಕೊಂಡದ್ದು ಆ ಮನೆಯ ಅಜ್ಜಿ. "ಯಾವನಪ್ಪಾ ನೀನು, ಲೇ ಅನ್ನೋಕೆ? ಫೋನಾಗೆ ದಯವಿಟ್ಟು ಅನ್ನೋ ಆಯಮ್ಮ ಹೇಳುದ್ರೆ ಆಫ್ ಮಾಡ್ತೀವಿ, ಹೋಗು."

ಮೇಷ್ಟ್ರು ಫೋನನ್ನು ನನ್ನ ಕಿವಿಗೊತ್ತಿದರು.

"ನಮಸ್ಕಾರ," ಎಂದೆ. "ದಯವಿಟ್ಟು..." ಮುಗಿಸುವಷ್ಟರಲ್ಲಿ ಅಜ್ಜಿ ಓಡಿಯಾಗಿತ್ತು. ಮೋಟರ್ ಉಳಿಯಿತು. ಕೆಳಗೆ ನನ್ನ ರೊಟ್ಟಿ ಸೀದು ಇದ್ದಿಲಾಗಿತ್ತು.

ಅಂದಿನಿಂದ ಮೇಷ್ಟ್ರು, ಫೈಲು ತಪ್ಪಿದ ತೋಟದ ಕರೆ ತಮ್ಮ ಫೋನಿಗೇ ಬರುವಂತೆ ಮಾಡಿಕೊಂಡರು. "ದಿಕ್ಕಿಲ್ಲದ್ದು ಇನ್ಯಾರ ತಾವ ಹೋಗ್ಬೇಕು?" ಎನ್ನುತ್ತಿದ್ದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಕೆಲಸ ವಹಿಸಿಕೊಂಡ ಅವರ ಮಗಳು ಬಂದು, "ಅಪ್ಪನ ನಂಬರಿನ ಜಾಗಕ್ಕೆ ಯಾರ್ದು ಹಾಕ್ಲಿ ಆಂಟಿ?" ಎಂದಳು. ನನ್ನದನ್ನು ಕೊಟ್ಟೆ.

ಆ ಪೊರಕೆ ಕಡ್ಡಿ ಈಗ ನನ್ನ ಉಪ್ಪಿನ ಜಾಡಿಯ ಪಕ್ಕದಲ್ಲಿದೆ. ಫೋನಿನಲ್ಲಿ ನನ್ನ ದನಿ "ದಯವಿಟ್ಟು" ಎಂದಾಗಲೆಲ್ಲ ಮೊದಲು ಒಲೆ ಆರಿಸುತ್ತೇನೆ, ಆಮೇಲೆ ಚೀಟಿ ಹುಡುಕುತ್ತೇನೆ.